ಬಾಯಿ ಎಂಬ ಎರಡಕ್ಷರ

ಹೋದ ವಾರ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕುಂತಿದ್ದೆ. ಅವರು 'ಬಾಯಿ ತೆಗೀರಿ' ಅಂದರು. ತೆಗೆದೆ. ಅದೇ ಹೊತ್ತಿಗೆ ಹೊರಗಿನ ಬಾಕಿನ ಮೇಲಿದ್ದ ಮರಾಠಿ ಹೆಂಗಸೊಬ್ಬಳು ಇನ್ನೊಬ್ಬಳನ್ನು 'ಓ ಬಾಯಿ' ಎಂದು ಕರೆದಳು. ನಾನು ತೆಗೆದ ಬಾಯಿಯಲ್ಲೇ 'ಓ' ಎಂದು ಹೊರಳಿದೆ. ಡಾಕ್ಟರರ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಪಾಪ, ಹರೆಯದ ಹುಡುಗ. ಮೂವತ್ತು ವರ್ಷ ಆ ಶಬ್ದಕ್ಕೆ ಓಗೊಟ್ಟವಳ ಕಿವಿಗೆ ಪೆನ್ಶನ್ ಇಲ್ಲ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಹಲ್ಲು ಹೋಯಿತು, ಶಬ್ದ ಉಳಿಯಿತು. ಆ ಸಂಜೆ ಒಂದು ಗಲ್ಲದೊಳಗೆ ಲವಂಗ ಒತ್ತಿಕೊಂಡು ಕುಂತಾಗ ನೆನಪಾದದ್ದನ್ನು ನಿಮಗೆ ಹೇಳುತ್ತೇನೆ. ಮಾತಾಡಬೇಡಿರಿ ಅಂದಿದ್ದಾರೆ, ಬರೆಯಬೇಡಿರಿ ಅಂದಿಲ್ಲ.

ಮೂಡಲಗಿಯ ನಮ್ಮ ಮನೆಯಲ್ಲಿ ಬಾಯಿ ಅಂದರೆ ಒಂದೇ ಅರ್ಥ, ಮತ್ತು ಅದು ನನ್ನ ಮುಖದಲ್ಲಿತ್ತು. ಎಂಟು ಮಂದಿಯ ಮನೆಯಲ್ಲಿ ಉಳಿದ ಏಳು ಮಂದಿಗೂ ಬಾಯಿ ಇತ್ತೆನ್ನಿ, ಆದರೆ ನಮ್ಮ ಅಜ್ಜಿಗೆ ಅವು ಕಾಣುತ್ತಿರಲಿಲ್ಲ. 'ಶಾಂತವ್ವ ಅಂತ ಹೆಸರಿಟ್ಟವರು ಯಾರು, ಅವರನ್ನ ಕರೀರಿ' ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು, ಇಟ್ಟವಳು ಅವಳೇ. ಅಪ್ಪ ಬೆಲ್ಲದ ವ್ಯಾಪಾರಕ್ಕೆ ಗೋಕಾಕಿಗೆ ಹೋದಾಗ ನನಗೆ ಕರದಂಟು ತರುತ್ತಿದ್ದ. ಪ್ರೀತಿಯಿಂದ ಅಂತ ನಾನು ತಿಳಿದಿದ್ದೆ. ಅದು ಹಲ್ಲಿಗೆ ಅಂಟಿದರೆ ಅರ್ಧ ತಾಸು ಮನೆ ತಣ್ಣಗಿರುತ್ತದೆ ಎಂಬುದು ಅವನ ಲೆಕ್ಕಾಚಾರ ಎಂದು ದೊಡ್ಡವಳಾದ ಮೇಲೆ ತಿಳಿಯಿತು.

ಹನ್ನೆರಡು ತುಂಬುವುದರೊಳಗೆ ಅರಭಾವಿ ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗನ ದೊಡ್ಡಪ್ಪ ಗೋಡೆಗೆ ಆತು ಕುಂತು, ಅಡಗಿ ಬರತೈತೇನು, ಜ್ವಾಳ ಬೀಸಾಕ ಬರತೈತೇನು ಎಂದು ಒಂದೊಂದಾಗಿ ಕೇಳಿದ. ಎಲ್ಲದಕ್ಕೂ ಬರತೈತ್ರಿ ಅಂದೆ. ಆಮೇಲೆ, ಕೇಳುವ ಪಾಳಿ ಈಗ ನನ್ನದು ಎಂದುಕೊಂಡು, ನಿಮ್ಮ ಹುಡುಗಗ ಓದಾಕ ಬರತೈತೇನ್ರಿ ಎಂದು ಕೇಳಿದೆ. ಅವಲಕ್ಕಿ ತಿಂದರು, ಕೈ ತೊಳೆದರು, ಹೋದರು. ಮೂರನೆಯ ದಿನ ಹೇಳಿ ಕಳಿಸಿದರು: ಹುಡುಗಿ ಲಕ್ಷಣ ಅದಾಳ, ಖರೆ ಬಾಯಿ ದೊಡ್ಡದು. ಅಜ್ಜಿ ಎರಡು ದಿನ ಅತ್ತಳು. ಊರಲ್ಲಿ ಮಾತು ತಣ್ಣಗಾಗುವ ತನಕ ಇರಲಿ ಎಂದು ಅಪ್ಪ ನನ್ನನ್ನು ಗೋಕಾಕಿನ ಸೋದರಮಾವನ ಮನೆಗೆ ಕಳಿಸಿದ.

ಮಾವ ಚನ್ನಪ್ಪ ಜಲಪಾತದ ಕಡೆ ಒಬ್ಬ ಬಿಳಿ ಸಾಹೇಬನ ಬಂಗಲೆಯಲ್ಲಿ ಕೆಲಸಕ್ಕಿದ್ದ. ಐವತ್ತರ ಆಸುಪಾಸಿನ ಆಳು, ಎರಡೂ ಕಡೆ ತಿರುವಿದ ಮೀಸೆ, ತಲೆಗೆ ಕೆಂಪು ರುಮಾಲು. ನಾನು ಹೋದ ವಾರವೇ ಅವನು ಕೆಲಸ ಬಿಡುವ ಮಾತಾಡುತ್ತಿದ್ದ. ಕಾರಣ ಕೇಳಿದರೆ ಹೇಳಲೊಲ್ಲ. ಕಡೆಗೆ ಅತ್ತೆ ಬಿಡದೆ ಕೇಳಿದಾಗ, ಹೊಸ ಸಾಹೇಬ ನನ್ನನ್ನು ಎಲ್ಲರೆದುರು 'ಬಾಯ್' ಎಂದು ಕರೆಯುತ್ತಾನೆ ಅಂದ. ನಮ್ಮ ಕಡೆ ಮರಾಠಿ ಎಲ್ಲರಿಗೂ ಅಷ್ಟಿಷ್ಟು ಗೊತ್ತು, ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು. ಇಷ್ಟು ದೊಡ್ಡ ಮೀಸೆ ಇಟ್ಟುಕೊಂಡು ಯಾವ ಗಂಡಸು ಅದನ್ನು ಸಹಿಸಿಯಾನು? ಅತ್ತೆಗೂ ಸಿಟ್ಟು ಬಂತು. ಮುಂದೆ ಬಂಗಲೆಯ ಕಾರಕೂನ ಕರೆದು ತಿಳಿಸಿ ಹೇಳಿದ, ಇಂಗ್ಲಿಷಿನಲ್ಲಿ ಬಾಯ್ ಅಂದರೆ ಹೆಂಗಸಲ್ಲ, ಹುಡುಗ ಅಂತ. ಮಾವ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಐವತ್ತು ವರ್ಷದವನನ್ನು ಹುಡುಗ ಅನ್ನುವುದೂ ಅವಮಾನವೇ ಎಂಬುದು ನನಗೆ ಹೊಳೆದಿತ್ತು. ಅತ್ತೆ ಕಣ್ಣು ಬಿಟ್ಟದ್ದರಿಂದ ನುಂಗಿಕೊಂಡೆ. ನನ್ನ ಆಯುಷ್ಯದಲ್ಲಿ ನಾನು ಆಡದೆ ಉಳಿಸಿದ ಕೆಲವೇ ಮಾತುಗಳಲ್ಲಿ ಅದೊಂದು.

ಮನೆಯಲ್ಲಿ ಕುಂತು ನಾನು ಅತ್ತೆಯ ತಲೆ ತಿನ್ನುವುದನ್ನು ನೋಡಿ ಮಾವ ನನ್ನನ್ನು ಹತ್ತಿರದ ಹೆಣ್ಣುಮಕ್ಕಳ ಸಾಲಿಗೆ, ಅಂದರೆ ಶಾಲೆಗೆ, ಹಾಕಿದ. ಮೊದಲನೆಯ ದಿನ ನೋಡಿದ್ದನ್ನು ಹೇಳುತ್ತೇನೆ. ಬಿಳಿ ನೂಲಿನ ಸೀರೆಯುಟ್ಟ, ಕನ್ನಡಕದ ಒಬ್ಬ ಹೆಣ್ಣುಮಗಳು ಒಳಗೆ ಬಂದರು. ನಲವತ್ತು ಹುಡುಗಿಯರು ಎದ್ದು ನಿಂತು, ಅವರ ಮುಖಕ್ಕೇ 'ನಮಸ್ಕಾರ, ಬಾಯಿ' ಅಂದರು. ನಮ್ಮ ಅಜ್ಜಿ ಬೈಯುವ ಶಬ್ದವನ್ನು ಇವರು ಕೈ ಮುಗಿದು ಹೇಳುತ್ತಿದ್ದಾರೆ! ಆ ಹೆಣ್ಣುಮಗಳು ಸಿಟ್ಟಾಗಲಿಲ್ಲ. 'ಕೂಡ್ರಿ' ಎಂದು ಮಾತಾಡಲು ಶುರು ಮಾಡಿದವರು ಮಧ್ಯಾಹ್ನದ ತನಕ ನಿಲ್ಲಿಸಲಿಲ್ಲ, ಮತ್ತು ಯಾರೂ ಅವರಿಗೆ ಸುಮ್ಮನಿರು ಅನ್ನಲಿಲ್ಲ. ಬದಿಗೆ ಕುಂತವಳು ಆಮೇಲೆ ಹೇಳಿದಳು, ಮರಾಠಿ ಸಾಲಿಯಲ್ಲಿ ಕಲಿಸುವವರಿಗೆ ಬಾಯಿ ಅಂತಾರ, ಅದನ್ನೇ ನಾವೂ ಹಿಡದೇವಿ, ಮರ್ಯಾದಿ ಹೆಚ್ಚಿಗೆ ಬೇಕಾದರ ಬಾಯಾರು ಅಂತೇವಿ. ನನಗೆ ಅವತ್ತೇ ಖಾತ್ರಿಯಾಯಿತು. ದೊಡ್ಡ ಬಾಯಿಗೆ ಪಗಾರ ಕೊಟ್ಟು ಕೈ ಮುಗಿಯುವ ಜಾಗ ಜಗತ್ತಿನಲ್ಲಿ ಒಂದಿದೆ, ನಾನು ಅಲ್ಲಿಗೇ ಹೋಗಬೇಕು.

ಹೋದೆ. ಅದಕ್ಕೆ ಎಂಟು ವರ್ಷ ಹಿಡಿಯಿತು. ಅಪ್ಪ ಎರಡು ಸಲ ಕರೆದುಕೊಂಡು ಹೋಗಲು ಬಂದ, ಎರಡು ಸಲವೂ ಒಬ್ಬನೇ ತಿರುಗಿ ಹೋದ. ಮಾಸ್ತರಿಕೆಗೆ ಬೇಕಾದ ಮುಲ್ಕಿ ಪರೀಕ್ಷೆಯಲ್ಲಿ ಒಮ್ಮೆ ಗಣಿತದಲ್ಲಿ ಬಿದ್ದೆ, ಮತ್ತೆ ಕುಂತೆ. ಕಡೆಗೆ ಹುಕ್ಕೇರಿಯಿಂದ ಎರಡು ಹರದಾರಿ ದೂರದ ಒಂದು ಸಣ್ಣ ಹಳ್ಳಿಗೆ ನನ್ನನ್ನು ಹಾಕಿದರು. ಹೆಣ್ಣುಮಕ್ಕಳ ಸಾಲಿ, ಒಂದೇ ಕೋಣೆ, ಹಿಂದೆ ಒಂದಿಷ್ಟು ಬೀಳು ಜಾಗ. ದೂರದಲ್ಲಿ ಎರಡನೇ ಮಹಾಯುದ್ಧ ನಡೆದಿತ್ತು. ಇಲ್ಲಿ ಚಳವಳಿಯವರು ಸರಕಾರದ ತಂತಿ ಕಡಿಯುತ್ತಿದ್ದರು. ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಬರುವವರು ನಾಲ್ಕು ಮಂದಿ.

ಬರುವ ನಾಲ್ವರಲ್ಲಿ ನಾಗವ್ವ ಒಬ್ಬಳು. ಕುರುಬರ ಹುಡುಗಿ, ಹತ್ತು ವರ್ಷ. ಒಮ್ಮೆ ಓದಿ ಹೇಳಿದ್ದನ್ನು ಮರೆಯುತ್ತಿರಲಿಲ್ಲ, ಆದರೆ ಕುಂತಲ್ಲೇ ತೂಕಡಿಸುತ್ತಿದ್ದಳು. ಒಂದು ದಿನ ಪುಸ್ತಕದಲ್ಲಿ 'ಆಕಳಿಗೆ ಬಾಯಾರಿತು' ಎಂಬ ವಾಕ್ಯ ಬಂತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಯಾಕೆಂದು ಕೇಳಿದರೆ ನಾಗವ್ವ, ಆಕಳಾ ಬಾಯಾರು ಹೆಂಗ ಆಗತೈತ್ರಿ, ಅದು ಸಾಲಿ ಕಲಸತೈತೇನ್ರಿ ಅಂದಳು. ನಮ್ಮ ಕಡೆ ನೀರಡಿಕೆ ಅನ್ನುವುದು ರೂಢಿ. ಪುಸ್ತಕದ ಕನ್ನಡ ಆ ಮಕ್ಕಳಿಗೆ ಪರ ಊರಿನದು. ನಾನೂ ನಕ್ಕೆ. ಬಾಯಾರುವುದೆಂದರೆ ಬಾಯಿ ಆರುವುದು, ಒಣಗುವುದು ಎಂದು ತಿಳಿಸಿ ಹೇಳಿ, ನಿಮಗೆ ಯಾವಾಗ ಬಾಯಿ ಆರಿತ್ತು ಹೇಳಿರಿ ಎಂದು ಕೇಳಿದೆ. ಅವಳು ಹೇಳಿದಳು. ಬೆಳಗಿನಿಂದ ಹಳ್ಳಕ್ಕೆ ಮೂರು ಸಲ ಹೋಗಿ ಬಂದಿದ್ದಳು. ತಲೆಯ ಮೇಲೆ ಕೊಡದ ತುಂಬ ನೀರಿದ್ದರೂ ದಾರಿಯಲ್ಲಿ ಕುಡಿಯುವಂತಿಲ್ಲ, ಇಳಿಸಿದರೆ ಮತ್ತೆ ಹೊರಿಸುವವರು ಯಾರು? ಬಾರದ ಏಳು ಮಂದಿ ಎಲ್ಲಿದ್ದಾರೆ ಎಂದು ಕೇಳಿದೆ. ಅವರೂ ಹಳ್ಳದ ದಾರಿಯಲ್ಲೇ ಇದ್ದರು. ಊರಲ್ಲಿ ಒಂದೇ ಬಾವಿ, ಅದು ಗೌಡರ ವಾಡೆಯ ಒಳಗೆ.

ಮುಂದಿನ ವಾರ ಹಳ್ಳದ ಇಳಿಜಾರಿನಲ್ಲಿ ನಾಗವ್ವ ಕೊಡದ ಸಮೇತ ಜಾರಿ ಬಿದ್ದು ಕೈ ಮುರಿದುಕೊಂಡಳು. ನೋಡಲು ಮನೆಗೆ ಹೋದೆ. ಅವಳ ತಾಯಿ ಬಾಳವ್ವ ಉಣ್ಣೆ ನೂಲುತ್ತಿದ್ದಳು, ತಲೆ ಎತ್ತಲಿಲ್ಲ. ಇನ್ನ ಸಾಲಿ ಸಾಕ್ರಿ ಬಾಯಾರ, ಕೈ ಕೂಡಿದ ಮ್ಯಾಲೆ ನೀರು ತರೋದ ಮೊದಲು, ಅಕ್ಷರ ಕುಡದ ಯಾರೂ ಬದುಕಿಲ್ಲ ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ತಿರುಗಿ ಬರುವಾಗಲೇ ನಿರ್ಧಾರ ಮಾಡಿದೆ: ಸಾಲಿಯ ಹಿಂದೆ ಬಾವಿ ತೋಡಿಸಬೇಕು.

ಗೌಡರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ದೊಡ್ಡ ಮನುಷ್ಯರು, ಹಾಗಾಗಿ ಅವಸರ ಇಲ್ಲದವರು. ನಕ್ಕು, ತೋಡ್ರಿ ಬಾಯಾರ, ನಿಮ್ಮ ಬಾಯಿಗೆ ಭೂಮಿ ಸೀಳತೈತಿ ಅಂದರು. ಮೇಲಿನವರಿಗೆ ಅರ್ಜಿ ಬರೆದೆ. ಪರಿಶೀಲನೆಯಲ್ಲಿದೆ ಎಂದು ಒಂದು ಕಾಗದ ಬಂತು. ಹಳ್ಳಕ್ಕೆ ಹೋಗುವ ಒಂದೊಂದು ಮನೆಯ ಬಾಗಿಲಿಗೂ ನಿಂತೆ. ಒಂದು ತಿಂಗಳು ದಿನಾ ಸಂಜೆ ಅದೇ ಕೆಲಸ. ನನ್ನನ್ನು ಕಂಡರೆ ಜನ ಬಾಗಿಲು ಮುಂದೆ ಮಾಡುತ್ತಿದ್ದರು. ನಾನು ಹಿತ್ತಲ ಬಾಗಿಲಿಗೆ ಹೋಗುತ್ತಿದ್ದೆ. ಬರಬರುತ್ತ ನನ್ನ ಕಾಟ ತಪ್ಪಿಸಿಕೊಳ್ಳಲಾದರೂ ಒಪ್ಪಿದರು. ಮನೆಗೊಂದಿಷ್ಟು ಜೋಳ, ಮಣ್ಣು ಹೊರಲು ಮನೆಗೊಬ್ಬರು.

ಕಲ್ಲು ಕೆಲಸಕ್ಕೆ ಒಡ್ಡರ ತಿಮ್ಮಣ್ಣನಿಗೆ ಹೇಳಿ ಕಳಿಸಿದೆ. ಅವನು ಬಂದ ದಿನ ನಾನು ಕೋಣೆಯೊಳಗೆ ಯಾರನ್ನೋ ಗದರಿಸುತ್ತಿದ್ದೆ. ಅವನ ಮನೆಮಾತು ತೆಲುಗು. ಅವರಲ್ಲಿ ಬಾವಿಗೇ ಬಾಯಿ ಅನ್ನುತ್ತಾರೆ. ಜಗುಲಿಯ ಮೇಲಿದ್ದ ಹುಡುಗಿಯನ್ನು, 'ಬಾಯಿ ಎಲ್ಲೈತವ್ವ?' ಎಂದು ಕೇಳಿದನಂತೆ.

'ಒಳಗ ಅದಾರ,' ಅಂದಳು ಅವಳು.

'ಮನಿ ಒಳಗ? ನೀರು ಅದಾವೇನು?'

'ನೀರಿಲ್ಲ. ಸಿಟ್ಟು ಭಾಳ ಐತಿ.'

ತಿಮ್ಮಣ್ಣ ತನ್ನ ಹಾರೆ ಹೆಗಲಿಗೆ ಹಾಕಿಕೊಂಡು ಹೊರಟೇ ಬಿಟ್ಟಿದ್ದ. ಓಡಿ ಹೋಗಿ ಕರೆತಂದೆ. ಅವನು ನನ್ನನ್ನು ಬಹಳ ಹೊತ್ತು ನೋಡಿ, ನಾ ತಗದ ಬಾಯಿ ನಲವತ್ತರ ಮ್ಯಾಲ ಅದಾವು, ಹಿಂಗ ಓಡಿ ಬಂದ ಬಾಯಿ ಇದ ಮೊದಲು ಅಂದ. ಅವನ ಹೆಂಡತಿ ಯಂಕವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅವತ್ತಿನಿಂದ ಇಡೀ ಊರು ಆ ತೆಗ್ಗಿಗೆ ಬಾಯಿ ಅನ್ನತೊಡಗಿತು.

ಮೂರಾಳು ಆಳದ ತನಕ ಮಣ್ಣು ಸಲೀಸಾಗಿ ಬಂತು. ಆಮೇಲೆ ಕರಿಕಲ್ಲು. ಸುತ್ತಿಗೆ ಹೊಡೆದರೆ ಕಿಡಿ ಹಾರುತ್ತಿತ್ತೇ ಹೊರತು ಚೂರು ಬೀಳುತ್ತಿರಲಿಲ್ಲ. ಮಣ್ಣು ಹೊರುವವರು ಒಬ್ಬೊಬ್ಬರೇ ಬಿಟ್ಟರು. ಬುಟ್ಟಿ ಹೊರಲು ನಾನೇ ಇಳಿದೆ. ಆ ದಿನಗಳಲ್ಲೇ ಯಾರೋ ನನ್ನ ಮೇಲೆ ಅರ್ಜಿ ಬರೆದರು, ಬಾಯಾರು ಸಾಲಿ ಬಿಟ್ಟು ಮಣ್ಣು ತೋಡುತ್ತಾರೆ ಎಂದು. ತಪಾಸಣೆಯ ಸಾಹೇಬರು ಹೇಳದೆ ಕೇಳದೆ ಬಂದಿಳಿದರು. ಸಾಲಿ ಶುರುವಾಗಲು ಇನ್ನೂ ಅರ್ಧ ತಾಸಿತ್ತು. ಬಾಯಿ ಎಲ್ಲಿ ಎಂದು ಕೇಳಿದವರಿಗೆ ಮಕ್ಕಳು, 'ಬಾಯ್ಯಾಗ ಅದಾರ್ರಿ' ಅಂದರಂತೆ. ಅವರು ಮರಾಠಿ ಮಾತಿನವರು, ಕನ್ನಡ ಕಷ್ಟಪಟ್ಟು ಕಲಿತವರು. ಹೆಂಗಸು ಬಾಯಿಯಲ್ಲಿದ್ದಾಳೆ ಎಂದರೆ ಯಾವುದೋ ಪ್ರಾಣಿ ನುಂಗಿತೆಂದೇ ತಿಳಿದರೋ ಏನೋ, ಗಾಬರಿಯಿಂದ ಓಡಿ ಬಂದು ತೆಗ್ಗಿನಲ್ಲಿ ಇಣುಕಿದರು. ನಾನು ಮೊಳಕಾಲ ತನಕ ಕಚ್ಚೆ ಕಟ್ಟಿ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮೇಲೆ ನೋಡಿದೆ. ಕೈ ಮುಗಿಯಲು ಹೋದರೆ ಬುಟ್ಟಿ ಬೀಳುತ್ತದೆ. ಹಾಗೇ ನಿಂತೆ.

ಮೇಲೆ ಬಂದು ಕೈ ತೊಳೆದು, ಮಕ್ಕಳನ್ನು ಕೂಡಿಸಿ ಪಾಠ ಹೇಳಿಸಿದೆ. ಕೈಗೆ ಬಿದಿರ ದಬ್ಬೆ ಕಟ್ಟಿಕೊಂಡಿದ್ದ ನಾಗವ್ವನನ್ನೂ ಮನೆಯಿಂದ ಕರೆಸಿದೆ. ತಾಯಿ ಅವತ್ತೊಂದು ದಿನಕ್ಕೆ ಬಿಟ್ಟಳು. ಅವಳು ಸಾಹೇಬರು ತೆರೆದ ಪುಟವನ್ನೆಲ್ಲ ತಡೆಯಿಲ್ಲದೆ ಓದಿದಳು. ಕೈಗೇನಾಯಿತು ಎಂದು ಅವರು ಕೇಳಿದರು. ಅವಳು ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಹೋಗುವಾಗ ನನ್ನನ್ನು ಬಾಜೂಕ್ಕೆ ಕರೆದು ಇಷ್ಟೇ ಅಂದರು: 'ಸಾಲಿ ಹೊತ್ತಿನ್ಯಾಗ ನೀವು ಮ್ಯಾಲೆ ಇರಬೇಕು. ಉಳಿದ ಹೊತ್ತು ನಿಮ್ಮದು. ಆದರ ಹೋಳಿ ಹುಣ್ಣಿಮಿ ತನಕ ನೋಡತೇನಿ. ಪಟ್ಟಿಯೊಳಗಿನ ಹನ್ನೊಂದೂ ಹುಡುಗ್ಯಾರು ಬರಲಿಲ್ಲಂದರ ಈ ಸಾಲಿ ಮುಚ್ಚತೈತಿ, ನನ್ನ ಕೈಯಾಗ ಇಲ್ಲ.'

ಹೋಳಿಗೆ ಎರಡು ತಿಂಗಳಿತ್ತು. ಸಿಡಿಮದ್ದು ಇಲ್ಲದೆ ಈ ಕಲ್ಲು ಆಗೂದಿಲ್ಲ ಎಂದು ತಿಮ್ಮಣ್ಣ ಕೈ ಚೆಲ್ಲಿದ. ಅದಕ್ಕೆ ಹುಕ್ಕೇರಿಯಿಂದ ಪರವಾನಗಿ ಬೇಕು. ಆದಿತ್ಯವಾರ ಬಿಟ್ಟರೆ ನನಗೆ ಬಿಡುವಿಲ್ಲ, ಆದಿತ್ಯವಾರ ಕಚೇರಿ ಇಲ್ಲ. ರಜೆ ಹಾಕಿ ನಸುಕಿನಲ್ಲೆದ್ದು ನಡೆದೆ. ಅಲ್ಲಿನ ಕಾರಕೂನರು ಕಾರವಾರದ ಕಡೆಯವರು, ಹೊಸಬರು. ಬಾಯಿಗೆ ಮದ್ದು ಬೇಕಾಗಿತ್ತು ಅಂದೆ. ಊರ ರೂಢಿಯ ಮಾತು ನಾಲಿಗೆಗೆ ಬಂದುಬಿಟ್ಟಿತ್ತು. ಅವರು ಬಲು ಕನಿಕರದಿಂದ ನನ್ನ ಗಲ್ಲ ನೋಡಿ, ಮದ್ದು ದವಾಖಾನೆಯಲ್ಲಿ ಕೊಡ್ತಾರಲ್ಲ, ಹಲ್ಲುನೋವೋ ಎಂದು ಕೇಳಿದರು. ಅವರ ಕಡೆ ಮದ್ದು ಅಂದರೆ ಔಷಧ. ಅಲ್ಲ, ಸಿಡಿಸುವ ಮದ್ದು ಅಂದೆ. ಅವರ ಕನಿಕರ ಹಾರಿಹೋಯಿತು. ತಂತಿ ಕಡಿಯುವ ದಿನಗಳಲ್ಲಿ ಖಾದಿ ಸೀರೆಯ ಹೆಂಗಸು ಕಚೇರಿಗೇ ಬಂದು ಸಿಡಿಮದ್ದು ಕೇಳಿದರೆ ಯಾರಿಗಾದರೂ ಎದೆ ಹಾರಬೇಕಾದದ್ದೇ. ನಾಳೆ ಬನ್ನಿ ಅಂದರು.

ನಾಳೆ ಹೋದೆ. ಕಚೇರಿಯ ಸಾಹೇಬರು ಊರೂರು ಫಿರತಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಅಂದರು. ಹಾಗಾದರೆ ಬರುವ ತನಕ ಇರುತ್ತೇನೆ ಎಂದು ಕಚೇರಿಯ ಕಟ್ಟೆಯ ಮೇಲೆ ಕುಂತೆ. ಮೂರು ದಿನ ಕುಂತೆ. ರಾತ್ರಿ ಪರಿಚಯದವರ ಮನೆ, ಬೆಳಗಾದರೆ ಅದೇ ಕಟ್ಟೆ. ಬುತ್ತಿಯ ರೊಟ್ಟಿ ಅಲ್ಲೇ ತಿಂದೆ. ಯಾರ ಜೊತೆಗೂ ಮಾತಾಡಲಿಲ್ಲ. ನಮ್ಮ ಅಜ್ಜಿ ನೋಡಿದ್ದರೆ ನಂಬುತ್ತಿರಲಿಲ್ಲ. ಮೂರನೆಯ ದಿನ ಸಾಹೇಬರು ಕುದುರೆಯಿಂದ ಇಳಿಯುತ್ತಿದ್ದಂತೆ ಕಾರಕೂನರೇ ಮುಂದಾಗಿ ನನ್ನ ಕಾಗದ ಅವರ ಕೈಗಿಟ್ಟು, ಇದನ್ನೊಂದು ಮಾಡಿಕೊಡಿ, ಇವರು ಏಳೂದಿಲ್ಲ ಎಂದರು. ತಿಮ್ಮಣ್ಣನ ಹೆಸರಿಗೆ ಪರವಾನಗಿ ಬಂತು, ಒಬ್ಬ ಪೊಲೀಸನ ಕಾವಲಿನಲ್ಲಿ ಸಿಡಿಸಬೇಕೆಂಬ ಕರಾರಿನ ಮೇಲೆ.

ನಾಲ್ಕು ಸಲ ಸಿಡಿಸಿದರು. ನಾಲ್ಕನೆಯ ಸಲ ಹೊಗೆ ಇಳಿದ ಮೇಲೆ ತಿಮ್ಮಣ್ಣ ಹಗ್ಗ ಹಿಡಿದು ಇಳಿದ. ಆಮೇಲೆ ಕೆಳಗಿನಿಂದ ಯಂಕವ್ವನನ್ನು ಕರೆದು ಅವರ ಮಾತಿನಲ್ಲಿ ಏನೋ ಅಂದ. ಅವಳು ಅಲ್ಲೇ ಕಲ್ಲಿನ ರಾಶಿಯ ಮೇಲೆ ಕುಂತು ಅತ್ತಳು. ನಮಗಾರಿಗೂ ಆ ಮಾತು ತಿಳಿಯಲಿಲ್ಲ, ಆದರೆ ತಿಳಿಯಿತು.

ಮರುದಿನ ಆಳೆತ್ತರ ನೀರು ನಿಂತಿತ್ತು. ಗಂಗಿ ಪೂಜೆಗೆ ಊರೆಲ್ಲ ಬಂತು, ಗೌಡರೂ ಅವರ ವಯಸ್ಸಾದ ತಾಯಿಯೂ ಬಂದರು. ಮೊದಲ ಕೊಡ ಯಾರು ಸೇದಬೇಕು ಎಂಬ ಮಾತಿಗೆ ಎಲ್ಲರೂ ಗೌಡರ ಮನೆಯ ಕಡೆ ನೋಡಿದರು. ನಾನು ಹಗ್ಗ ತೆಗೆದು ಯಂಕವ್ವನ ಕೈಗೆ ಕೊಟ್ಟೆ. ಅವಳು ಹಿಡಿಯಲಿಲ್ಲ. ನಲವತ್ತು ಬಾವಿ ತೋಡಿದ ಮನೆಯವರು, ತೋಡಿದ ಒಂದರಿಂದಲೂ ತಾವೇ ಸೇದಿ ಕುಡಿದವರಲ್ಲ. ಜನರಲ್ಲಿ ಗುಜುಗುಜು ಎದ್ದಿತು. ಗೌಡರ ಮುಖ ಬಿಗಿಯಿತು. ನಾನು ಹಗ್ಗ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 'ಈಕಿ ಸೇದದಿದ್ದರ ಯಾರೂ ಸೇದೂದು ಬ್ಯಾಡ. ನಾ ಇಲ್ಲೇ ಕುಂಡರತೇನಿ,' ಅಂದೆ. ನಾನು ಕುಂತರೆ ಏನಾಗುತ್ತದೆ ಎಂಬ ಸುದ್ದಿ ಹುಕ್ಕೇರಿಯಿಂದ ಆಗಲೇ ಬಂದಿತ್ತು.

ಗೌಡರ ತಾಯಿ ಕೋಲು ಊರಿಕೊಂಡು ಮುಂದೆ ಬಂದರು. ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು.

'ಸೇದವಾ ತಂಗಿ,' ಅಂದರು ಯಂಕವ್ವನಿಗೆ. 'ನಿಂತು ನಿಂತು ಕಾಲು ಸೋತಾವು. ನನಗೂ ಒಂದು ತಂಬಗಿ ಹಾಕು.'

ಯಂಕವ್ವ ಸೇದಿದಳು. ಮುದುಕಿ ಬೊಗಸೆ ಒಡ್ಡಿ ಕುಡಿದರು. ಆಮೇಲೆ ಯಾರು ಏನು ಅಂದಾರು?

ಮರುದಿನ ಬೆಳಗ್ಗೆ, ಹೋಳಿಗೆ ಇನ್ನೂ ನಾಲ್ಕು ದಿನವಿರುವಾಗ, ಸಾಲಿಯ ಬಾಗಿಲು ತೆಗೆದೆ. ಗಂಟೆ ಹೊಡೆದೆ. ಎಂದಿನ ಮೂವರು ಬಂದರು. ಮತ್ತೆ ಇಬ್ಬರು. ನಾನು ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತೆ. ಒಬ್ಬೊಬ್ಬರೇ ಬಂದು ಹತ್ತಾಯಿತು. ಹನ್ನೊಂದನೆಯವಳು ನಾಗವ್ವ, ಕೈಯ ದಬ್ಬೆ ಬಿಚ್ಚಿಯಾಗಿತ್ತು, ಬಂದವಳೇ ತನ್ನ ಜಾಗದಲ್ಲಿ ಕುಂತಳು. ಬಾಗಿಲ ಹೊರಗೆ ಇನ್ನೊಂದು ನೆರಳು ನಿಂತೇ ಇತ್ತು. ನೋಡಿದರೆ ಬಾಳವ್ವ, ನಾಗವ್ವನ ತಾಯಿ. ಮಗಳನ್ನು ಕರೆದೊಯ್ಯಲು ಬಂದಳೆಂದು ನನ್ನ ಜೀವ ಬಾಯಿಗೆ ಬಂತು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ನೆಲ ನೋಡುತ್ತ ಹೇಳಿದಳು.

'ಹಳ್ಳಕ್ಕ ಹೋಗೂ ಹೊತ್ತು ಉಳದೈತ್ರಿ ಬಾಯಾರ. ಮನಿಯಾಗ ಸುಮ್ನ ಕುಂತೆ. ಹುಟ್ಟಿ ಹಿಂಗ ಎಂದೂ ಕುಂತಿದ್ದಿಲ್ಲ. ನನಗೂ ಒಂದಿಷ್ಟು ಕಲಸ್ತೀರೇನು?'

ಒಳಗೆ ಬಾ ಅಂದೆ. ಮಗಳ ಪಕ್ಕ ಕುಂತಳು. ಹಾಜರಿ ಪಟ್ಟಿಯಲ್ಲಿ ಹನ್ನೊಂದರ ಕೆಳಗೆ ಒಂದು ಗೆರೆ ಎಳೆದು ಅವಳ ಹೆಸರು ಬರೆದೆ. ಹೆಸರಿನ ಮುಂದಿನ ಅಂಕಣದಲ್ಲಿ ವಯಸ್ಸು ಬರೆಯಬೇಕಿತ್ತು. ಎಷ್ಟು ಎಂದು ಕೇಳಿದೆ.

'ಇವತ್ತಿಂದ ಎಣಿಸ್ರಿ,' ಅಂದಳು.